ಉಗುರಗಲದ ಚಿತ್ರಗಳು

ನರಸಿಂಹರಾಜಪುರದ ಟ್ರಾಮ್ ಸ್ಟೇಷನ್ನಿನ ಹತ್ತಿರ ಜಯದೇವಪ್ಪ ಬೋರ್ಡು ಬರೆಯುವ ಅಂಗಡಿ ಇಟ್ಟುಕೊಂಡಿದ್ದ. ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು, ಕಾಫಿಪುಡಿ ಡಬ್ಬದ ಮೇಲಿನ ಹೂಬಳ್ಳಿ, ಯಾರು ಏನು ಕೇಳಿದರೂ ಬರೆದುಕೊಡುತ್ತಿದ್ದ. 1936ರ ಬೇಸಿಗೆಯಲ್ಲಿ ವಾಸಪ್ಪ ಎಂಬವನ ಟೂರಿಂಗ್ ಟಾಕೀಸು ಊರಾಚೆಯ ಬಯಲಿಗೆ ಬಂದು ಡೇರೆ ಹಾಕಿತು. ಅದಕ್ಕೆ ಬೋರ್ಡು ಬರೆಯಲು ಹೋದಾಗ ಜಯದೇವಪ್ಪನಿಗೆ ಇಪ್ಪತ್ತಾರು ವರ್ಷ.

ಅಲ್ಲಿ ಫಿಲ್ಮು ಆಗಾಗ ಹರಿಯುತ್ತಿತ್ತು. ಸಿನಿಮಾ ಓಡಿಸುವ ಮೆಷಿನ್ನಿನವನು ಕೆಟ್ಟ ಭಾಗ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ಅಂಟಿಸುತ್ತಿದ್ದ. ಬಿದ್ದಿದ್ದ ಒಂದೂವರೆ ಅಡಿ ತುಂಡೊಂದನ್ನು ಜಯದೇವಪ್ಪ ಎತ್ತಿ ಬಿಸಿಲಿಗೆ ಹಿಡಿದ. ಒಬ್ಬ ಹೆಂಗಸು ಕೊಡ ಎತ್ತುತ್ತಿದ್ದಳು. ಇಪ್ಪತ್ನಾಲ್ಕು ಚಿತ್ರ, ಒಂದೊಂದೂ ಉಗುರಗಲ, ಎಲ್ಲವೂ ಒಂದೇ ಥರ ಕಂಡವು. ಆದರೆ ಮೊದಲನೆಯದರಲ್ಲಿ ಕೊಡ ನೆಲದ ಮೇಲಿತ್ತು, ಕೊನೆಯದರಲ್ಲಿ ಮೊಣಕಾಲಿನ ಹತ್ತಿರ. ನಡುವಿನವುಗಳಲ್ಲಿ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಮೇಲೇರಿತ್ತು. ಜಯದೇವಪ್ಪ ಅಲ್ಲೇ ನಿಂತುಬಿಟ್ಟ. ಇದನ್ನು ಕೈಯಲ್ಲೇ ಬರೆಯಬಹುದಲ್ಲ ಎಂಬ ಯೋಚನೆ ಬಂದದ್ದು ಆಗ. ವಾಸಪ್ಪನನ್ನು ಕೇಳಿದರೆ ಅವನು ನಕ್ಕ.

"ಕ್ಯಾಮರಾ ಇಲ್ದೆ ಎಂತ ಸಿನಿಮಾ ಮಾರಾಯ."

ನಕ್ಕರೂ ಸವೆದುಹೋದ ಹಳೆಯ ರೀಲೊಂದನ್ನು ಕೊಟ್ಟ. ಜಯದೇವಪ್ಪ ಅದನ್ನು ವಾಷಿಂಗ್ ಸೋಡದ ಬಿಸಿನೀರಿನಲ್ಲಿ ನೆನೆಸಿ ಉಜ್ಜಿದ. ಹಳೆಯ ಚಿತ್ರವೆಲ್ಲ ಕರಗಿಹೋಗಿ ಗಾಜಿನಂಥ ಪಟ್ಟಿ ಉಳಿಯಿತು. ಅದು ಕಿಡಿ ತಗುಲಿದರೆ ಭಗ್ಗೆಂದು ಉರಿಯುವ ವಸ್ತು. ಹಾಗಾಗಿ ಹೆಂಡತಿ ಶಂಕರಮ್ಮ ಅದನ್ನು ಅಡುಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ. ಕಿಟಕಿಯ ಬಳಿ ಗಾಜಿನ ಹಲಗೆಯಿಟ್ಟು, ಬೆಳಕು ಕೆಳಗಿನಿಂದ ಬರುವಂತೆ ಕನ್ನಡಿ ಓರೆ ಮಾಡಿಟ್ಟು, ಅಳಿಲುಬಾಲದ ಕೂದಲಿನ ಕುಂಚದಲ್ಲಿ ಬರೆಯತೊಡಗಿದ.

ಮೊದಲ ಕೆಲಸ ಜಯಪುರದ ಕಾಫಿಪುಡಿ ವ್ಯಾಪಾರಿಯೊಬ್ಬರ ಜಾಹೀರಾತು. ಲೋಟದಿಂದ ಹಬೆ ಏಳಬೇಕು, ಹತ್ತು ಸೆಕೆಂಡು. ಸೆಕೆಂಡಿಗೆ ಇಪ್ಪತ್ನಾಲ್ಕರಂತೆ ಇನ್ನೂರ ನಲವತ್ತು ಚಿತ್ರಗಳಿಗೆ ಐದು ವಾರ ಹಿಡಿಯಿತು. ಪರದೆಯ ಮೇಲೆ ಬಂದಾಗ ಲೋಟ ಚಳಿಜ್ವರ ಬಂದವರಂತೆ ಗಡಗಡ ನಡುಗಿತು. ದೀಪದ ಕಾವಿಗೆ ಮಸಿ ಚಕ್ಕೆಯೆದ್ದು, ಹಬೆಯ ಬದಲು ಕಪ್ಪು ಚೂರುಗಳು ಹಾರಿದವು. ಡೇರೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ವ್ಯಾಪಾರಿ ತನಗೆ ಹಳೆಯ ಥರದ ಬೋರ್ಡೇ ಸಾಕೆಂದು ಹೇಳಿಕಳಿಸಿದರು.

ಮೂರನೆಯ ದಿನ ಜಯದೇವಪ್ಪ ಮರದ ಚೌಕಟ್ಟೊಂದನ್ನು ಮಾಡಿ, ಅದಕ್ಕೆ ಗ್ರಾಮಫೋನಿನ ಸವೆದ ಮುಳ್ಳುಗಳನ್ನು ನೆಟ್ಟ. ಫಿಲ್ಮಿನ ಅಂಚಿನ ತೂತುಗಳು ಆ ಮುಳ್ಳುಗಳಿಗೆ ಸರಿಯಾಗಿ ಕೂತವು. ಪಟ್ಟಿ ಅಲ್ಲಾಡದಿದ್ದರೆ ಚಿತ್ರವೂ ನಡುಗುವುದಿಲ್ಲ. ಮಸಿಯ ದಾರಿ ತೋರಿಸಿದವಳು ಶಂಕರಮ್ಮ. ನುಣುಪಿನ ಮೇಲೆ ಹಿಡಿಯಲು ಅಂಟುವಾಳದ ನೀರು, ಒಣಗಿ ಒಡೆಯದಿರಲು ಒಂದು ಹನಿ ಜೇನು. ಹೀಗೆ ಬರೆದದ್ದು ಉಗುರಿನಿಂದ ಕೆರೆದರೂ ಏಳಲಿಲ್ಲ.

1938ರಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ರಂಗಪ್ಪನವರು ಅಂಗಡಿಗೆ ಬಂದರು. ಮಲೇರಿಯಾದ ವಿಷಯ ಹೇಳಲು ಹಳ್ಳಿಹಳ್ಳಿ ತಿರುಗುವವರು. ಗೋಡೆಗೆ ನೇತುಹಾಕುವ ಪಟ ಬೇಕಿತ್ತು. ಪಟ ನೋಡುತ್ತ ಜನ ತೂಕಡಿಸುತ್ತಾರೆಂದು ಅವರೇ ಬೇಸರದಿಂದ ಹೇಳಿದಾಗ, ಜಯದೇವಪ್ಪ ಓಡುವ ಚಿತ್ರವನ್ನೇ ಮಾಡಿಕೊಡುತ್ತೇನೆಂದ. ಹಿಂದಿನ ವರ್ಷವಷ್ಟೇ ಅವನ ಎರಡು ವರ್ಷದ ಹೆಣ್ಣುಮಗು ಅದೇ ಜ್ವರದಲ್ಲಿ ತೀರಿಕೊಂಡಿತ್ತು. ಅದನ್ನು ಅವನು ಇನ್ಸ್‌ಪೆಕ್ಟರಿಗೆ ಹೇಳಲಿಲ್ಲ.

ನೀರಿನಲ್ಲಿ ಆಡುವ ಸೊಳ್ಳೆಮರಿಯಿಂದ ಶುರು ಮಾಡಿ, ಅದನ್ನು ಮೀನಿನ ಹಾಗೆ ಈಜಿಸಿದ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ ಶಂಕರಮ್ಮ ತಲೆಯಾಡಿಸಿದಳು.

"ಹಂಗೆ ಈಜಲ್ಲ ಅದು. ಮೈ ಕೊಂಕಿಸಿ ಕೊಂಕಿಸಿ ಹಿಂದಕ್ಕೆ ಹೋಗ್ತದೆ. ಹಿತ್ತಲ ಮಡಕೇಲಿರೋದು ತಲೆಕೆಳಗಾಗಿ ಜೋತು ಬೀಳ್ತದೆ. ಬಟ್ಟೆ ಒಗೆಯೋ ಹಳ್ಳದ ಅಂಚಿಗಿರೋದು ನೀರಿನ ಮೇಲೆ ಕಡ್ಡಿ ಥರ ಅಡ್ಡ ಮಲಗ್ತದೆ."

"ನೀನ್ಯಾವಾಗ ನೋಡ್ದೆ?"

"ಮಗು ಹೋದ್ಮೇಲೆ ದಿನಾ ನೋಡ್ತೀನಿ."

ಅವನು ಬರೆದದ್ದನ್ನೆಲ್ಲ ತೊಳೆದುಹಾಕಿದ. ರಂಗಪ್ಪನವರಿಗೆ ಈ ಮಾತು ಮುಟ್ಟಿಸಿದಾಗ ಅವರು ಬೆರಗಾದರು. ಅಡ್ಡ ಮಲಗುವುದೇ ಮಲೇರಿಯಾದ ಸೊಳ್ಳೆಯ ಮರಿ. ಇಲಾಖೆಯ ಪುಸ್ತಕದಲ್ಲಿ ಅವರು ಓದಿದ್ದನ್ನು ಈಕೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಕಂಡಿದ್ದಳು. ಅಲ್ಲಿಂದ ಮುಂದೆ ಗಂಡ ರೇಖೆ ಬರೆದ, ಹೆಂಡತಿ ತಪ್ಪು ಹಿಡಿದಳು, ಬಣ್ಣ ತುಂಬಿದಳು. ನಲವತ್ತು ಸೆಕೆಂಡಿಗೆ ಒಂಬೈನೂರ ಅರವತ್ತು ಚಿತ್ರ. ಮಳೆಗಾಲವಿಡೀ ಅದಕ್ಕೇ ಹೋಯಿತು.

ಮುಂದಿನ ಜನವರಿಯಲ್ಲಿ ಕೊಪ್ಪದಲ್ಲಿ ವಾಸಪ್ಪನ ಡೇರೆಯಲ್ಲಿ, ದೊಡ್ಡ ಸಿನಿಮಾಕ್ಕೆ ಮೊದಲು, ಅದನ್ನು ಓಡಿಸಿದರು. ಹಳ್ಳದ ಅಂಚಿನ ಹುಲ್ಲಿನ ನಡುವೆ ಮರಿ ಮಲಗಿತ್ತು. ಅದು ಸೊಳ್ಳೆಯಾಗಿ ಎದ್ದು ಹಾರಿ, ಮಲಗಿದ್ದ ಮಗುವಿನ ಕೆನ್ನೆಯ ಮೇಲೆ ಕೂತಿತು. ಆಮೇಲೆ ಒಂದು ಕೈ ಬಂದು ಹುಲ್ಲು ಕಿತ್ತು ನೀರಿಗೆ ಎಣ್ಣೆ ಹಾಕಿತು, ಮರಿಗಳು ಮುಳುಗಿದವು. ಯಾರೂ ನಗಲಿಲ್ಲ. ಹೆಂಗಸರ ಕಡೆ ಕೂತಿದ್ದ ಶಂಕರಮ್ಮ, ಮಗುವಿನ ಚಿತ್ರ ಬಂದಾಗ ಕಣ್ಣು ಮುಚ್ಚಿಕೊಂಡಿದ್ದೆನೆಂದು ಆಮೇಲೆ ಹೇಳಿದಳು. ಮಗುವಿರುವ ಆ ಮೂವತ್ತು ಚಿತ್ರಗಳಿಗೆ ಬಣ್ಣ ತುಂಬಿದವಳು ಅವಳೇ. ಮರುವಾರ ಕೊಪ್ಪದ ಹತ್ತಿರದ ಒಂದು ಕೇರಿಯವರು ತಾವಾಗಿಯೇ ಹಳ್ಳದ ಅಂಚಿನ ಹುಲ್ಲು ಸವರಿದರೆಂದು ರಂಗಪ್ಪನವರು ತಿಳಿಸಿದರು. ಉಳಿದ ಕೇರಿಗಳವರು ಸವರಲಿಲ್ಲ.

ಫಿಲ್ಮು ಹನ್ನೊಂದು ಊರು ತಿರುಗಿ ತೂತು ಹರಿದು ಹಾಳಾಯಿತು. ಇಬ್ಬರೂ ಕೂತು ಇನ್ನೊಂದು ಸಲ ಪೂರ್ತಿ ಬರೆದರು. ಆ ಹೊತ್ತಿಗೆ ಕೆಲಸ ತಾನಾಗಿ ಹುಡುಕಿಕೊಂಡು ಬರತೊಡಗಿತ್ತು. ಬಾಳೆಹೊನ್ನೂರಿನ ಬಟ್ಟೆ ಅಂಗಡಿ, ಶೃಂಗೇರಿಗೆ ಹೋಗುವ ಬಸ್ಸಿನವರು, ಎಲ್ಲರದೂ ಐದೈದು ಸೆಕೆಂಡು.

1941ರಲ್ಲಿ ಜಯದೇವಪ್ಪ ತಾವು ಬರೆದ ಫಿಲ್ಮಿನ ಎರಡಡಿ ತುಂಡನ್ನು ಬೊಂಬಾಯಿಯ ಒಂದು ಕಂಪನಿಗೆ ಕಳಿಸಿ ಕೆಲಸ ಕೇಳಿದ. ಇಂಗ್ಲಿಷಿನಲ್ಲಿ ಬಂದ ಉತ್ತರವನ್ನು ರಂಗಪ್ಪನವರು ಓದಿ ಹೇಳಿದರು. ಕೈ ಚೆನ್ನಾಗಿದೆ, ಆದರೆ ಫಿಲ್ಮಿನ ಮೇಲೆ ಯಾಕೆ ಬರೆಯುತ್ತೀರಿ? ಎಲ್ಲರೂ ದೊಡ್ಡ ಹಾಳೆಯ ಮೇಲೆ ಬರೆದು, ಒಂದೊಂದನ್ನೇ ಕ್ಯಾಮರಾದಲ್ಲಿ ಹಿಡಿಯುತ್ತಾರೆ. ಅದನ್ನು ಕಲಿತ ಮೇಲೆ ಬನ್ನಿ.

ಅವನು ಕಾಗದ ಮಡಿಚಿ ಜೇಬಿಗಿಟ್ಟುಕೊಂಡ. ಮನೆಗೆ ಬಂದು, ಐದು ವರ್ಷ ಸುಮ್ಮನೆ ಕಣ್ಣು ಕಳಕೊಂಡೆವು ಅಂದ.

"ನಮ್ಗೆ ಹೇಳಿಕೊಡೋರು ಯಾರಿದ್ರು," ಅಂದಳು ಶಂಕರಮ್ಮ. "ಗೊತ್ತಿದ್ದಷ್ಟ್ರಲ್ಲಿ ಮಾಡಿದ್ವಿ."

ಅಷ್ಟರಲ್ಲಿ ಯುದ್ಧದಿಂದಾಗಿ ಫಿಲ್ಮೇ ಸಿಗದಂತಾಯಿತು. ಸವೆದ ರೀಲನ್ನೂ ವಾಸಪ್ಪ ಕೈಬಿಡಲಾರ. ಜಯದೇವಪ್ಪ ಮತ್ತೆ ಬೋರ್ಡು ಬರೆದ. ನಡುವೆ, ಗಾಜಿನ ಮೇಲಿನ ಚಿತ್ರವನ್ನು ಪರದೆಗೆ ಬಿಡುವ ಮ್ಯಾಜಿಕ್ ಲ್ಯಾಂಟರ್ನಿಗೆ ಎರಡು ಗಾಜುಗಳ ಸ್ಲೈಡು ಮಾಡಿದ. ಮೇಲಿನ ಗಾಜು ಸರಿಸಿದರೆ ಸೊಳ್ಳೆ ರೆಕ್ಕೆ ಬಡಿಯುತ್ತಿತ್ತು, ಅಷ್ಟೇ.

1947ರಲ್ಲಿ ಶಿವಮೊಗ್ಗದ ಫೋಟೋ ಸ್ಟುಡಿಯೋದವರೊಬ್ಬರು ಸಿನಿಮಾ ಕ್ಯಾಮರಾ ತರಿಸಿ, ಹರಿಹರಪುರದ ಅಡಿಕೆ ಮಂಡಿಯ ಜಾಹೀರಾತಿಗೆ ಜಯದೇವಪ್ಪನನ್ನು ಕರೆದರು. ಎದುರಿಗೆ ಮೊಳದಗಲದ ಬಿಳಿ ಹಾಳೆ ಇಟ್ಟರು. ಅವನು ತುಂಬ ಹೊತ್ತು ನೋಡಿ, ಹಾಳೆಯ ನಟ್ಟನಡುವೆ ಉಗುರಗಲದ ಅಡಿಕೆ ಮರವೊಂದನ್ನು ಬರೆದ. ಕೈ ಅದಕ್ಕಿಂತ ದೊಡ್ಡದಾಗಿ ಹೋಗಲಿಲ್ಲ. ಮೂವತ್ತೇಳನೆಯ ವಯಸ್ಸಿನಲ್ಲಿ ಬೆರಳಿನ ಬದಲು ತೋಳಿನಿಂದ ಬರೆಯುವುದನ್ನು ಹೊಸದಾಗಿ ಕಲಿಯಬೇಕಾಯಿತು. ಹತ್ತು ದಿನ ಬರೀ ಗೆರೆ ಎಳೆದ. ಸ್ಟುಡಿಯೋದವರು ತಾಳಿಕೊಂಡರು. ಜಾಹೀರಾತು ಮುಗಿಯಲು ಇನ್ನೂ ಹತ್ತೊಂಬತ್ತು ದಿನ ಹಿಡಿಯಿತು. ಮುಗಿದ ಮೇಲೆ ಅವರು ಮುಂದಿನ ಕೆಲಸದ ಮಾತೆತ್ತಿದರು. ಜಯದೇವಪ್ಪ ಒಪ್ಪಿಕೊಂಡ. ತನ್ನ ಹೆಂಡತಿಗೂ ಒಂದು ಮೇಜು, ಒಂದು ಕುರ್ಚಿ ಬೇಕಾಗುತ್ತದೆ ಎಂದ.