ಪಾತಾಳದೊರೆಯ ಬಾಗಿಲು

ಲಾಸ್ ಏಂಜಲೀಸಿನ ಒಂದು ಕಾರ್ಟೂನ್ ಸ್ಟುಡಿಯೋದಲ್ಲಿ ಗ್ರೀಕರ ಪಾತಾಳದೊರೆಯ ಚಿತ್ರ ಬರೆಯುವವನು ಸ್ಪೈರೋ ಕರಾಲಿಸ್. ಸಿನಿಮಾದ ಆ ಖಳನಾಯಕ ಅವನ ಪಾಲಿಗೆ ಬಂದ ಎನ್ನುವುದಕ್ಕಿಂತ ಅವನೇ ಖಳನ ಪಾಲಾದ ಎನ್ನಬೇಕು. ಮೇಜಿನ ಮೇಲಿನ ಕನ್ನಡಿಯಲ್ಲಿ ಹುಬ್ಬು ಹಾರಿಸಿ, ಹಲ್ಲು ಕಡಿದು, ಕಂಡದ್ದನ್ನು ಹಾಳೆಗಿಳಿಸುವುದು ಅವನ ಪದ್ಧತಿ. ಹಾಗೆ ಹಾರಿದ ಹುಬ್ಬು ಮಧ್ಯಾಹ್ನ ಹೋಟೆಲಿನಲ್ಲೂ ಇಳಿಯುತ್ತಿರಲಿಲ್ಲ. ಬಡಿಸುವವರು ಹೆದರಿ, ಕೇಳದಿದ್ದರೂ ಇನ್ನೊಂದು ಬಟ್ಟಲು ಸೂಪು ತಂದಿಡುತ್ತಿದ್ದರು. ಬೆಳಿಗ್ಗೆ ಬಂದವನೇ "ಸತ್ತೋರ ರಾಜ ಬಂದಿದ್ದೀನಿ, ಎದ್ದು ನಿಲ್ರೋ!" ಎಂದು ಗುಡುಗುತ್ತಿದ್ದ. ಸಂಜೆ ಕರೆದೊಯ್ಯಲು ಬರುವ ಹೆಂಡತಿ ಫೋಟಿನಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, "ರಾಜರೇ, ಷರ್ಟಿನ ಗುಂಡಿ ತಪ್ಪಿದೆ, ಸರಿಯಾಗಿ ಹಾಕ್ಕೊಳ್ಳಿ" ಎಂದರೆ ಪಾತಾಳವೆಲ್ಲ ನಗುತ್ತಿತ್ತು. ಫೋಟಿನಿಯನ್ನು ಮಣ್ಣು ಮಾಡಿ ಬಂದ ವಾರ ಅವನ ಕೈಗೆ ಸಿಕ್ಕಿದ್ದು, ದೊರೆ ಸತ್ತವರನ್ನು ಒಳಗೆ ತಳ್ಳಿ, ಬಾಗಿಲು ಜಡಿದು ಗಹಗಹಿಸುವ ದೃಶ್ಯ. ಸ್ಪೈರೋ ಗುಡುಗಲಿಲ್ಲ, ಕನ್ನಡಿಯನ್ನು ಮಗುಚಿಟ್ಟು ಬರೆದ. ನಿರ್ದೇಶಕಿ ಗ್ವೆನ್ ಬಂದು ಬರೆದದ್ದು ಚಲಿಸಿ ಕಾಣುವ ಹಾಗೆ ಹಾಳೆಗಳ ಕಟ್ಟನ್ನು ಸರಸರನೆ ತಿರುವಿದಳು: ದೊರೆ ಎರಡೂ ಕೈಯಿಂದ ಬಾಗಿಲು ತೆರೆದು ಹಿಡಿದಿದ್ದ, ಕನ್ನಡಕ ಜಾರಿದ ಹೆಂಗಸೊಬ್ಬಳು ಹೊರಗೆ ನಡೆದು ಬರುತ್ತಿದ್ದಳು. "ಸ್ಪೈರೋ," ಎಂದಳು ಗ್ವೆನ್ ಮೆಲ್ಲಗೆ, "ಅವನು ಯಾರನ್ನೂ ವಾಪಸ್ ಬಿಡೋ ಹಾಗಿಲ್ಲ ಕಣೋ." "ಗೊತ್ತು ಕಣೇ. ಅವನು ನಾನೇ ಅಲ್ವಾ?" ಎಂದ ಸ್ಪೈರೋ ಕಟ್ಟನ್ನು ಈಸಿಕೊಂಡು, ಕೊನೆಯ ಹಾಳೆಯಿಂದ ಮೊದಲ ಹಾಳೆಯ ಕಡೆಗೆ ನಿಧಾನವಾಗಿ ತಿರುವಿದ, ಫೋಟಿನಿ ಇವನನ್ನೇ ನೋಡುತ್ತ, ಹಿಂದಕ್ಕೆ ಹೆಜ್ಜೆಯಿಡುತ್ತ ಒಳಗೆ ಹೋದಳು, ದೊರೆ ಬಾಗಿಲು ಮುಚ್ಚಿದ.