ಕೆನ್ನೆಯೊಳಗೆ ಕಾಳಷ್ಟು ಜಾಗ

ನನ್ನ ಗಂಡ ತೆಂಗಿನಮರದಿಂದ ಜಾರಿ, ಕಾಲು ಆಚೀಚೆಯಾಗಿ ಕಲ್ಲುಬೇಲಿಯ ಮೇಲೆ ಬಿದ್ದ ದಿನ ನಾನು ಅವರಿಗೆ ಐದು ಎಳನೀರು ಕುಡಿಸಿದೆ. ಮೂಳೆ ಮುರಿದಿರಲಿಲ್ಲ, ಉಚ್ಚೆ ಮಾತ್ರ ಒಂದು ತೊಟ್ಟೂ ಬರಲಿಲ್ಲ. "ಉಷ್ಣ ಕಣವ್ವ, ಇನ್ನೊಂದು ಕೊಡು" ಎಂದರು ಅತ್ತೆ. ನಮ್ಮ ಸೀಮೆಯಲ್ಲಿ ಉಚ್ಚೆ ಕಟ್ಟಿದರೆ ಬೇರೆ ಔಷಧಿ ಯಾರಿಗೆ ಗೊತ್ತು? ಸಂಜೆಗೆ ಹೊಟ್ಟೆ ಉಬ್ಬಿ ಅವರು ಚೀರತೊಡಗಿದಾಗ ತಿಪಟೂರಿಗೆ ಓಡಿದೆವು. ಡಾಕ್ಟರು ನನ್ನನ್ನೇ ಗದರಿದರು: "ಹೊರಗೆ ಹೋಗೋ ದಾರಿನೇ ಹರಿದುಹೋಗಿದೆ, ನೀವು ಮೇಲಿಂದ ಸುರೀತಾನೇ ಇದೀರಲ್ಲಮ್ಮ!" ಹೊಕ್ಕುಳ ಕೆಳಗೆ ತೂತು ಮಾಡಿ ಪೈಪು ಇಟ್ಟು, ಅದರ ತುದಿಗೆ ಒಂದು ಚೀಲ ಸಿಕ್ಕಿಸಿದರು.

ಆ ಚೀಲ ಎರಡು ವರ್ಷ ಪಂಚೆಯೊಳಗೇ ಉಳಿಯಿತು. ಮನೆಯವರ ಹೊರತು ಯಾರಿಗೂ ಹೇಳಲಿಲ್ಲ. ಸುದ್ದಿ ಎದ್ದರೆ ಮಗಳನ್ನು ಕೇಳಿಕೊಂಡು ಯಾರು ಬರುತ್ತಾರೆ ಎಂಬ ಭಯ ನನ್ನದು. ಕಾಯಿ ಕೀಳಿಸುವಾಗ ಹತ್ತು ಜನರನ್ನು ನಗಿಸುತ್ತಿದ್ದ ಮನುಷ್ಯ, ವಾಸನೆ ಬರುತ್ತದೇನೋ ಎಂದು ಬಸ್ಸು ಹತ್ತುವುದನ್ನೇ ಬಿಟ್ಟರು. ನನ್ನ ಪಕ್ಕ ಮಲಗುವುದನ್ನೂ ಬಿಟ್ಟರು.

ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಕೆನ್ನೆಯ ಒಳಗಿನ ತೊಗಲು ತೆಗೆದು ಮೂತ್ರದ ದಾರಿಗೆ ಹೊಲಿಯಬಹುದು ಎಂದು ಅಲ್ಲಿನ ಡಾಕ್ಟರಮ್ಮ ಅವರ ಬಾಯೊಳಗೆ ಟಾರ್ಚು ಬಿಟ್ಟು ನೋಡಿದರು. ಇಪ್ಪತ್ತು ವರ್ಷದ ಎಲೆಅಡಿಕೆ, ಹೊಗೆಸೊಪ್ಪು. ಒಳಗೆಲ್ಲ ಬಿಳಿಚಿ ಒರಟಾಗಿತ್ತು.

"ನನ್ ಕೆನ್ನೇದು ತಗೊಳ್ಳಿ" ಎಂದು ನಾನು ಬಾಯಿ ತೆರೆದು ತೋರಿಸಿದೆ.

"ಬೇರೆಯವರದು ಇವರ ಮೈಗೆ ಹಿಡಿಯಲ್ಲಮ್ಮ" ಎಂದರು. ಆಮೇಲೆ ಇನ್ನೊಂದು ದಾರಿ ಹೇಳಿದರು. ಕಾಳಿನಷ್ಟು ಒಳ್ಳೆಯ ಜಾಗ ಸಿಕ್ಕರೂ ಸಾಕು, ಅಲ್ಲಿಂದ ಚೂರು ತೆಗೆದು, ಅದರ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ, ಬೇಕಾದಷ್ಟು ಅಗಲದ ಪದರ ಮಾಡುತ್ತಾರಂತೆ. ಹೊಸ ವಿದ್ಯೆ, ಕೆಲವರಿಗಷ್ಟೇ ಮಾಡಿ ನೋಡುತ್ತಿದ್ದರು. ಗ್ಯಾರಂಟಿ ಇರಲಿಲ್ಲ.

"ನಾಟಿಗೆ ಮುಂಚೆ ಮಡೀಲಿ ಸಸಿ ಒಟ್ಲು ಬಿಟ್ಟಂಗೆ ಅನ್ನಿ" ಎಂದು ನನ್ನವರು ನಕ್ಕರು. ಅವರು ನಕ್ಕು ಎರಡು ವರ್ಷವಾಗಿತ್ತು, ನನಗೆ ಅಳುವೇ ಬಂತು.

"ಆರು ತಿಂಗಳು ಬಾಯಿಗೆ ಎಲೆ ಹಾಕಬಾರದು. ಬಿಳಿ ಹೋದರೆ ಪಟ್ಟಿಗೆ ಹೆಸರು ಸೇರಿಸ್ತೀನಿ" ಎಂದರು ಡಾಕ್ಟರಮ್ಮ.

ಮನೆಗೆ ಬಂದವಳೇ ಎಲೆಅಡಿಕೆ ಚೀಲವನ್ನು ಒಲೆಗೆ ಸುರಿದೆ. "ನಿನ್ ಮನೆ ಹಾಳಾಗ ಕಣೇ!" ಎಂದು ನನ್ನವರು ಕೂಗಿದರು. "ಹಾಳಾದ್ರೆ ನಿಮ್ದೂ ಅದೇ ಮನೆ, ಸುಮ್ನಿರಿ" ಎಂದೆ. ವಾರಕ್ಕೊಮ್ಮೆ ಟಾರ್ಚು ಹಿಡಿದು ಅವರ ಬಾಯಿ ನೋಡುತ್ತಿದ್ದೆ. ಐದನೇ ತಿಂಗಳಲ್ಲಿ ದವಡೆ ಹಲ್ಲಿನ ಹತ್ತಿರ ಕಡಲೆಕಾಳಿನಷ್ಟು ಜಾಗ ಕೆಂಪಗೆ ತಿರುಗಿತು. ಕುಣಿಯುವುದೊಂದು ಬಾಕಿ ನನಗೆ.

ಆ ತಿಂಗಳೇ ಕಂದಿಕೆರೆ ಕಡೆಯಿಂದ ಮಗಳನ್ನು ಕೇಳಿಕೊಂಡು ಬಂದರು. ಮಾತು ಕುದುರಿದ ಮೇಲೆ ಗಂಡಿನ ತಂದೆ, ಹೆಣ್ಣಿನ ತಂದೆ ಒಂದೇ ತಟ್ಟೆಯ ಎಲೆಅಡಿಕೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ನಮ್ಮಲ್ಲಿ ಅದು ಮಾತೇ ಅಲ್ಲ. ನನ್ನವರು ಹಲ್ಲುನೋವು ಎಂದರು. ಗಂಡಿನ ತಂದೆಯ ಮುಖ ಬಿಗಿಯಿತು.

"ಯಾಕ್ ಬೀಗ್ರೇ, ನಮ್ಮೆಲೆ ಆಗಲ್ವಾ?"

ನನ್ನವರು ನನ್ನನ್ನು ನೋಡಿದರು. ಇದ್ದದ್ದು ಇದ್ದಂತೆ ಹೇಳಿಬಿಡಬಹುದಿತ್ತು. "ಹಾಕ್ಕಳ್ರೀ, ಒಂದ್ಸಲಕ್ಕೆ ಏನೂ ಆಗಲ್ಲ" ಎಂದು ನಾನೇ ಎಲೆಗೆ ಸುಣ್ಣ ಸವರಿ, ಮಡಿಸಿ ಅವರ ಕೈಗಿಟ್ಟೆ. ಬೀಗರು ಹೊಗೆಸೊಪ್ಪನ್ನೂ ಸೇರಿಸಿದರು. ಅಂದು ಹತ್ತಿದ್ದು ಮತ್ತೆ ಬಿಡಲಿಲ್ಲ.

ಆರು ತಿಂಗಳು ತುಂಬಿದಾಗ ಬೆಂಗಳೂರಿಗೆ ಹೋದೆವು. ಡಾಕ್ಟರಮ್ಮ ಬಹಳ ಹೊತ್ತು ಟಾರ್ಚು ಬಿಟ್ಟು ನೋಡಿದರು. ಕೆಂಪಗಾಗಿದ್ದ ಜಾಗ ಮತ್ತೆ ಬಿಳಿಚಿತ್ತು. "ನಿಜವಾಗಿ ಬಿಟ್ಟಿದ್ರಾ?"

ನಾನು ಹೇಳಬೇಕೆಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ನನ್ನವರೇ ಹೇಳಿದರು: "ನಂದೇ ತಪ್ಪು ಕಣಮ್ಮ. ಇವಳು ಎಷ್ಟ್ ಬೈದ್ರೂ ಕದ್ದು ಹಾಕ್ಕತಿದ್ದೆ."

ಡಾಕ್ಟರಮ್ಮ ಪಟ್ಟಿಯ ಪುಸ್ತಕ ಮುಚ್ಚಿ, ಕನಿಕರದಿಂದ ನನ್ನ ಕಡೆ ತಿರುಗಿದರು. "ಪಾಪ, ನೀವಾದ್ರೂ ಏನ್ ಮಾಡ್ತೀರಮ್ಮ?"

ನಾನು ಹೂಂ ಎಂದೆ.