ಗೋಡೆಯಾಚೆ ಬಿದ್ದ ನೆರಳು

ಕಾಗದದ ಮೇಲೆ ತೋಟ ಮಾಡುವಷ್ಟು ಸುಖದ ಕೆಲಸ ಬೇರೊಂದಿಲ್ಲ. ಅಲ್ಲಿ ನೀರು ಬೇಡ, ಗೊಬ್ಬರ ಬೇಡ, ಆಡು ಮೇಯುವ ಭಯವಿಲ್ಲ. ಬೆಟಗೇರಿಯಲ್ಲಿ ಮನೆ ಕಟ್ಟಿಸಿದ ಹೊಸದರಲ್ಲಿ ಇಂಥ ತೋಟಗಳನ್ನು ನಾನು ಬಹಳ ಬೆಳೆಸಿದೆ. ಗದಗಿನಲ್ಲಿ ಭೂಗೋಳ ಕಲಿಸುವ ಮಾಸ್ತರ ನಾನು. ನಕ್ಷೆ ಬರೆಯುವುದು ಕೈಗೆ ಅಂಟಿದ ಚಟ. ಮನೆಯ ಮುಂದೆ ಹುಲ್ಲುಹಾಸು, ನಡುವೆ ಗುಲಾಬಿ, ಬಾಗಿಲಿಗೆ ಮಲ್ಲಿಗೆಯ ಚಪ್ಪರ. ನನ್ನ ಹಸಿರು ಪೆನ್ಸಿಲ್ ಮೊಂಡಾಗುವ ತನಕ ಅಲ್ಲಿ ಮಳೆಗೆ ಕೊರತೆಯಿರಲಿಲ್ಲ.

ನಿಜವಾದ ಅಂಗಳದಲ್ಲಿ ಕರಿಮಣ್ಣು ಬಾಯಿ ಬಿಟ್ಟಿತ್ತು. ಬಾವಿಯ ನೀರು ಸವಳು. ಸಿಹಿನೀರನ್ನು ದೂರದಿಂದ ಹೊತ್ತು ತರಬೇಕು. ಹುಲ್ಲು ಮೊಳೆಯಲೇ ಇಲ್ಲ. ಗುಲಾಬಿ ಸೌಜನ್ಯಕ್ಕೆಂಬಂತೆ ಒಂದು ಹೂ ಬಿಟ್ಟು ಒಣಗಿತು.

ಆ ಹೊತ್ತಿಗೇ ಗೋದಕ್ಕ ಬಂದಳು, ನನ್ನ ಒಡಹುಟ್ಟಿದ ಅಕ್ಕ. ಅವಳ ಗಂಡ ಶಿರಹಟ್ಟಿಯ ಸಂಸ್ಥಾನದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಸ್ವಾತಂತ್ರ್ಯ ಬಂದು, ಸಂಸ್ಥಾನ ವಿಲೀನವಾಗುವ ಗಡಿಬಿಡಿಯಲ್ಲಿ ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ವಿಧವೆಯರು ಉಡುವ ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದವಳು ಅಡಿಗೆಮನೆಗೂ ಹಿತ್ತಲಿಗೂ ನಡುವೆ ಉಳಿದುಬಿಟ್ಟಳು. ಮುಂಬಾಗಿಲಲ್ಲಿ ನಿಲ್ಲುವಂತಿರಲಿಲ್ಲ. ಮನೆಯಲ್ಲಿದ್ದದ್ದು ನಾನು ಮತ್ತು ಅವ್ವ, ಕಟ್ಟಳೆಗಳೆಲ್ಲ ಅವ್ವನವು.

ಒಮ್ಮೆ ನನ್ನ ನಕ್ಷೆಯನ್ನು ನೋಡಿ ಅಕ್ಕ ಕೇಳಿದಳು: "ರಾಘು, ಎಲ್ಲಾ ಮುಂದಿನ ಬಾಜೂಕೇ ಅದಲ್ಲೋ. ಹಿತ್ತಲದಾಗ ಏನೂ ಇಲ್ಲೇನು?"

"ಹಿಂದ ಯಾರ ನೋಡ್ತಾರ ಅಕ್ಕಾ?"

"ನಾ ಇರ್ತೀನಲ್ಲ."

ನಾನು ಹೊಸ ಹಾಳೆ ತೆಗೆದೆ. ಈ ಸಲ ಇಬ್ಬರೂ ಕೂತು ಯೋಚಿಸಿದೆವು. ಮನೆಯಲ್ಲಿ ಹೇಗೂ ಹರಿದು ಹೋಗುವ ನೀರಿಗಿಂತ ಒಂದು ತಂಬಿಗೆಯೂ ಹೆಚ್ಚು ಬೇಡದ ತೋಟವಾಗಬೇಕು. ಪಾತ್ರೆ ತೊಳೆದ ನೀರು ಬಸಳೆಗೆ, ಕರಿಬೇವಿಗೆ. ಬಚ್ಚಲಿನ ನೀರು ತಾನಾಗಿಯೇ ಇಳಿದು ಹೋಗುವ ಮೂಡಣ ಗೋಡೆಯ ಮೂಲೆಗೆ, ಸೊರಟೂರ ಹಾದಿಯಿಂದ ತಂದ ಬೇವಿನ ಸಸಿ. ಸುತ್ತ ತೊಗರಿ ಕಟ್ಟಿಗೆಯ ಬೇಲಿ, ಬುಡಕ್ಕೆ ತರಗೆಲೆಯ ಹೊದಿಕೆ. ಸಸಿ ನೆಟ್ಟ ದಿನ ಅಕ್ಕ ಅದರ ಪಕ್ಕದ ನೆಲವನ್ನು ಕೈಯಿಂದ ಸಪಾಟು ಮಾಡಿದಳು. "ಇಲ್ಲೆ ಚಾಪಿ ಹಾಸ್ಕೋತೀನಿ," ಎಂದಳು. ಬೇಸಗೆಯ ಮಧ್ಯಾಹ್ನ ನಮ್ಮ ಅಡಿಗೆಮನೆ ಬೆಂದುಹೋಗುತ್ತಿತ್ತು.

ಬೇವು ಬೆಳೆಯಿತು. ಅದು ಗೋಡೆಗಿಂತ ಎತ್ತರವಾಗಿ ಕೊಂಬೆ ಹರಡಿದ ಬೇಸಗೆಯಲ್ಲಿ ಅಕ್ಕ ಊಟ ಮುಗಿಸಿ ಚಾಪೆ ಹಿಡಿದು ಹೊರಗೆ ಹೋದಳು. ಹಾಗೆಯೇ ನಿಂತಳು. ಬುಡದಲ್ಲಿ ಸುಡುಬಿಸಿಲು.

ಮಧ್ಯಾಹ್ನದ ಮೇಲೆ ಸೂರ್ಯ ಪಡುವಣಕ್ಕೆ ಇಳಿದರೆ ನೆರಳು ಮೂಡಣಕ್ಕೆ ಬೀಳುತ್ತದೆ. ಇದನ್ನು ವರ್ಷ ವರ್ಷವೂ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುವವನು ನಾನೇ. ಮುಂಜಾನೆಯ ನೆರಳೇನೋ ನಮ್ಮ ಹಿತ್ತಲಿಗೇ ಬೀಳುತ್ತಿತ್ತು. ಆಗ ಅಕ್ಕ ಒಲೆಯ ಮುಂದೆ. ಅವಳಿಗೆ ಬಿಡುವಾಗುವ ಹೊತ್ತಿಗೆ ನೆರಳು ಗೋಡೆ ದಾಟಿ ನೇಕಾರರ ಬಸವ್ವನ ಅಂಗಳದಲ್ಲಿ ತಣ್ಣಗೆ ಮಲಗಿರುತ್ತಿತ್ತು.

ಅಲ್ಲಿ ಮಗ್ಗಕ್ಕೆ ನೂಲು ಸುತ್ತುತ್ತ ಕುಳಿತ ಬಸವ್ವ ಎದ್ದು ಗೋಡೆಯ ಮೇಲಿಂದ ಇಣುಕಿದಳು. "ಅಕ್ಕಾರ, ನಿಮ್ಮ ಗಿಡದ ನೆಳ್ಳೆಲ್ಲಾ ನಮ್ಮ ಕಡೆ ಐತ್ರಿ. ನೀವೂ ಈ ಕಡೆ ಬರ್ರಲ್ಲ."

ಅಕ್ಕ ಹಿತ್ತಲ ಬಾಗಿಲಲ್ಲಿದ್ದ ಅವ್ವನ ಮುಖ ನೋಡಿದಳು. "ಗಂಡ ಸತ್ತಾಕಿ ಮಂದಿ ಮನಿಗೆ ಹೋಗಿ ಕೂಡೂದೇನು?" ಎಂದಳು ಅವ್ವ. ಅಕ್ಕ ಚಾಪೆ ಸುತ್ತಿಕೊಂಡು ಒಳಗೆ ಬಂದಳು.

ಮತ್ತೆ ಕೆಲವು ದಿನ ಚಾಪೆ ಮೂಲೆಯಲ್ಲೇ ಇತ್ತು. ಒಂದು ಮಧ್ಯಾಹ್ನ ಅಕ್ಕ ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ, ದನಿ ಏರಿಸದೆ ಹೇಳಿದಳು: "ಅವ್ವಾ, ಆ ಗಿಡ ನಾ ಬೆಳಸೀನಿ. ಅದರ ನೆಳ್ಳಾಗ ಕೂಡ್ಲಿಕ್ಕೂ ಮಂದೀನ್ನ ಕೇಳ್ಬೇಕೇನು?"

ನಾನು ಹಾರೆ ತೆಗೆದುಕೊಂಡು ಹಿತ್ತಲಿಗೆ ಹೋದೆ. ಈ ಕಡೆಯಿಂದ ನಾನು, ಆ ಕಡೆಯಿಂದ ಬಸವ್ವನ ಗಂಡ ಗೋಡೆಯ ಕಲ್ಲು ಸರಿಸಿದೆವು. ಒಬ್ಬರು ಬಗ್ಗಿ ದಾಟುವಷ್ಟು ಕಿಂಡಿಯಾಯಿತು. ನನ್ನ ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಅವ್ವ ಕೊನೆಗೆ ಒಂದೇ ಕರಾರು ಹಾಕಿದಳು: ಮರಳಿ ಬಂದಮೇಲೆ ಸ್ನಾನ ಮಾಡಿಯೇ ಒಲೆ ಮುಟ್ಟಬೇಕು. ಆ ಸ್ನಾನದ ನೀರೂ ಬೇವಿಗೇ ಹೋಯಿತು.

ಅಂದಿನಿಂದ ಅಕ್ಕನ ಮಧ್ಯಾಹ್ನಗಳು ಅಲ್ಲಿ ಕಳೆದವು. ನೂಲು ಸುತ್ತುವುದನ್ನು ಕಲಿತಳು. ಮನೆಯಲ್ಲಿ ಮಾತ್ರ ಎಂದಿನಂತೆ ಮೌನ. ಕೆಲವು ವರ್ಷ ಕಳೆದವು. ಆಮೇಲೆ ಅವಳಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಕನ್ನಡ ನಾಡು ಒಂದಾಗುವ ಸಂಭ್ರಮಕ್ಕೆ ಗದಗಿನಲ್ಲಿ ತೋರಣ ಕಟ್ಟುತ್ತಿದ್ದ ದಿನಗಳಲ್ಲಿ ಅಕ್ಕ ಹೋಗಿಬಿಟ್ಟಳು. ಓಣಿಯಲ್ಲಿ ಜಯಕಾರ ಕೇಳುತ್ತಿತ್ತು. ನಾವು ಬಾಗಿಲು ಮುಚ್ಚಿಕೊಂಡು ಕೂತಿದ್ದೆವು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ, ಮನೆಯಲ್ಲಿ ಇರಲಾಗದೆ, ನಾನೇ ಬಗ್ಗಿ ಆ ಕಿಂಡಿ ದಾಟಿದೆ.

"ಕುಂಡ್ರಿ ಮಾಸ್ತರ," ಎಂದಳು ಬಸವ್ವ. ಸ್ವಲ್ಪ ಹೊತ್ತು ನೂಲು ಸುತ್ತಿ, "ನಿಮ್ಮಕ್ಕಾರು ಭಾಳ ನಗಸ್ತಿದ್ರರಿ," ಎಂದಳು.

"ಗೋದಕ್ಕ?"

"ಹೂಂನ್ರಿ. ನೀವು ಸಾಲಿಗೆ ಹೋಗೂ ನಡಿಗಿ ಮಾಡಿ ತೋರಸ್ತಿದ್ರು. ನಾವು ನೂಲ ಕೈಬಿಟ್ಟು ನಗತಿದ್ವಿ."

ಹೇಗೆ ಎಂದು ಕೇಳಿದೆ. ಬಸವ್ವ ಮೊದಲು ಸಂಕೋಚಪಟ್ಟಳು. ಆಮೇಲೆ ಎದ್ದು, ಇಲ್ಲದ ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕುತ್ತಿಗೆ ಮುಂದೆ ಚಾಚಿ, ನೆಲದಲ್ಲಿ ಏನೋ ಕಳೆದುಕೊಂಡವರಂತೆ ನಡೆದಳು. ನಾನೇ! ನಕ್ಕುಬಿಟ್ಟೆ. ಒಂದೇ ಸೂರಿನಡಿ ಇದ್ದೂ ಅವಳ ನಗುವನ್ನು ನಾನು ಕೇಳಿರಲಿಲ್ಲ.

ನನ್ನ ಸದ್ದು ಕೇಳಿಯೋ ಏನೋ, ಅವ್ವ ಹಿತ್ತಲಿಗೆ ಬಂದಿದ್ದಳು. ಗೋಡೆ ಹಿಡಿದು, ಬಗ್ಗಲಾರದೆ ಬಗ್ಗಿ, ಈಚೆ ಬಂದು ನಿಂತಳು.

"ಅಕಿ ಎಲ್ಲೆ ಕೂಡ್ತಿದ್ಲು?" ಎಂದು ಕೇಳಿದಳು.

ಬಸವ್ವ ನೂಲಿನ ಬುಟ್ಟಿ ಸರಿಸಿ ಜಾಗ ತೋರಿಸಿದಳು. ಅವ್ವ ಆ ಜಾಗವನ್ನು ಖಾಲಿ ಬಿಟ್ಟು, ಅದರ ಪಕ್ಕದಲ್ಲಿ ಕೂತಳು.